ಎರಡನೇ ದರ್ಜೆಯ ಸಮುದ್ರ

ಈ ಸಮುದ್ರಕ್ಕೆ ನಾನು ಕೊಟ್ಟದ್ದು ಹನ್ನೊಂದು ನೂರು ರೂಪಾಯಿ. ಅದರಲ್ಲಿ ಏಳುನೂರು ಚೌಕಟ್ಟಿಗೆ, ಏಕೆಂದರೆ ಅದು ಸಾಗವಾನಿ. ಉಗುರಿನಿಂದ ಕೆರೆದು, ಮೂಸಿ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಉಳಿದ ನಾನೂರು ರೂಪಾಯಿ ನೀರಿಗೆ, ಆಕಾಶಕ್ಕೆ ಮತ್ತು ಎಡಗಡೆಯ ಮೂಲೆಯಲ್ಲಿ ಒಂಟಿಯಾಗಿ ಹೊರಟಿರುವ ಹಾಯಿದೋಣಿಗೆ. ಹೆಚ್ಚಾಯಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೆ ಎಂಟುನೂರು ಎಂದು ಹೇಳಿದ್ದೇನೆ, ಆದರೂ ಹೆಚ್ಚಾಯಿತು ಎನ್ನುತ್ತಾಳೆ.

ಸಿಕ್ಕಿದ್ದು ಗಡಹಿಂಗ್ಲಜದಲ್ಲಿ, ಎಸ್ಟಿ ಬಸ್ ಸ್ಟ್ಯಾಂಡಿನ ಹಿಂದಿನ ಹಳೆ ಸಾಮಾನಿನ ಅಂಗಡಿಯಲ್ಲಿ. ಯಾವುದೋ ಲಾಡ್ಜು ಮುಚ್ಚಿ ಅದರ ಮಂಚ, ಕನ್ನಡಿ, ಬಕೆಟ್ಟುಗಳೆಲ್ಲ ಅಲ್ಲಿ ಬಂದು ಬಿದ್ದಿದ್ದವು. ಅವುಗಳ ನಡುವೆ ಈ ಸಮುದ್ರ ಒಂದು ಮುರಿದ ಕುರ್ಚಿಯ ಮೇಲೆ ಕೂತಿತ್ತು. ನಾನು ಮೊದಲು ಕುರ್ಚಿಯ ಬೆಲೆ ಕೇಳಿದೆ. ಬೇಕಾದದ್ದರ ಬೆಲೆಯನ್ನು ಮೊದಲು ಕೇಳುವವನು ವ್ಯಾಪಾರಿಯಲ್ಲ.

"ಕುರ್ಚಿ ಬಿಡ್ರಿ ಶೇಠ, ಅದು ಮುರದೈತಿ. ಈ ಚಿತ್ರ ನೋಡ್ರಿ. ಶಿದ್ರಾಮ ಪೇಂಟರನ ಕೈದು. ಅಂವನಂಗ ಸಮುದ್ರ ತಗಿಯಾಂವ ಈ ಜಿಲ್ಲಾದಾಗ ಇನ್ನೊಬ್ಬ ಹುಟ್ಟಿಲ್ಲ" ಎಂದ ಅಂಗಡಿಯವನು.

"ಸಹಿ ಎಲ್ಲೈತಿ?"

"ಸಹಿ ತಗೊಂಡ ಏನ ಮಾಡ್ತೀರಿ? ನೀರ ನೋಡ್ರಿ, ನೀರ!"

"ನೀರ ನಿಮ್ಮ ಹಿರಣ್ಯಕೇಶಿ ಹೊಳಿಯೊಳಗ ಪುಕಟ ಸಿಗತೈತಿ. ಸಹಿ ಇಲ್ಲಂದ್ರ ಇದು ಬರೇ ನೀಲಿ ಬಣ್ಣ."

"ನಾಕ ಸಾವಿರ ಕೊಡ್ರಿ."

"ನಾಕ ಸಾವಿರಕ್ಕ ನಾ ಖರೇ ಸಮುದ್ರಕ್ಕ ಹೋಗಿ, ದಂಡಿ ಮ್ಯಾಲ ಕುಂತು, ಎಳನೀರ ಕುಡದು, ತಿರುಗಿ ಬರ್ತೇನಿ."

ಹೊರಟೆ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟ ಮೇಲೆ ಅವನೇ ಕೂಗುತ್ತ ಬಂದ. ಬಂದದ್ದೇ ನನಗೆ ಸಂಶಯ ಹುಟ್ಟಿಸಿತು. ಇಷ್ಟು ಬೇಗ ಇಳಿದನೆಂದರೆ ಇವನಿಗೆ ಇದು ಪುಕ್ಕಟೆ ಸಿಕ್ಕಿರಬೇಕು, ಇಲ್ಲವೇ ನಕಲಿ ಇರಬೇಕು. ಆ ಸಂಶಯವನ್ನೂ ಸಮುದ್ರವನ್ನೂ ಒಟ್ಟಿಗೆ ಹೊತ್ತುಕೊಂಡು ಇಚಲಕರಂಜಿಯ ಬಸ್ಸು ಹತ್ತಿದೆ. ಕಂಡಕ್ಟರು ಲಗೇಜು ಟಿಕೀಟು ಹರಿಯಲು ಬಂದ. ಅವನ ಜೊತೆ ಸಂಕೇಶ್ವರ ದಾಟುವವರೆಗೆ ವಾದ ನಡೆಯಿತು. ಗೆದ್ದವರು ಯಾರೆಂದು ಹೇಳುವುದಿಲ್ಲ.

ಸಂಶಯ ನನಗೆ ತವರಿನ ಬಳುವಳಿ, ಅಂದರೆ ನನ್ನ ತಾಯಿಯ ತವರಿನದು. ಆಕೆ ಗಡಹಿಂಗ್ಲಜದವಳು. ಅಲ್ಲಿಯ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಾಗ ಚೀಲದ ಬಾಯಿಯಲ್ಲಿದ್ದ ಕೆಂಪು ಕೆಂಪು ಕಾಯಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯನ್ನು ಭುಜದವರೆಗೆ ಚೀಲದೊಳಗೆ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯುವಳು. ಸುತ್ತಲಿನವರೆಲ್ಲ ಸೀನುತ್ತಿದ್ದರು, ಆಕೆ ಮಾತ್ರ ಸೀನುತ್ತಿರಲಿಲ್ಲ. ಹುಪರಿಯಲ್ಲಿ ನನ್ನ ತಂಗಿಗೆ ಕಾಲ್ಗೆಜ್ಜೆ ಕೊಂಡಾಗಲೂ ಅಷ್ಟೇ. ಅಕ್ಕಸಾಲಿಗ ಶುದ್ಧ ಬೆಳ್ಳಿ ಎಂದು ಆಣೆ ಇಟ್ಟು ಹೇಳುತ್ತಿದ್ದರೆ ಈಕೆ ಗೆಜ್ಜೆಯನ್ನು ಅವನದೇ ಅಂಗಡಿಯ ಹೊಸ್ತಿಲ ಕಲ್ಲಿಗೆ ಉಜ್ಜುತ್ತಿದ್ದಳು.

ಇಂಥವಳ ಮಗನಾಗಿ ಹುಟ್ಟಿ, ಸೈಕಲ್ಲಿನ ಮೇಲೆ ಮಾಂಜರಪಾಟದ ಗಂಟು ಹೊತ್ತು ಮಾರುತ್ತ ಶುರುಮಾಡಿ, ಇಚಲಕರಂಜಿಯಲ್ಲಿ ಸ್ವಂತದ ಬಟ್ಟೆ ಅಂಗಡಿ ಮಾಡಿದವನು ನಾನು. ಮಾಂಜರಪಾಟ ಎಂದರೆ ಬಿಳುಪು ಮಾಡದ, ಮಗ್ಗದಿಂದ ಇಳಿದ ಹಾಗೇ ಇರುವ ದಪ್ಪ ಬಟ್ಟೆ. ಅದಕ್ಕೆ ಬಗೆಬಗೆಯ ಗಿರಾಕಿಗಳು, ಹಾಸಿಗೆ ಹೊಲಿಯುವವರು, ಚೀಲ ಹೊಲಿಯುವವರು, ಪೇಂಟರುಗಳು. ಶಿದ್ರಾಮ ನನಗೆ ಗೊತ್ತಾದದ್ದು ಹಾಗೆ.

ಅವನು ನನಗಿಂತ ನಾಲ್ಕಾರು ವರ್ಷ ದೊಡ್ಡವನು. ತಂದೆ ನಮ್ಮೂರಿನಲ್ಲೇ ಬೇರೆಯವರ ಮಗ್ಗದ ಮೇಲೆ ನೇಯುತ್ತಿದ್ದ ಕನ್ನಡದ ಮನುಷ್ಯ. ಮಗ ಮಗ್ಗ ಹಿಡಿಯದೆ ಕೊಲ್ಹಾಪುರದ ಒಂದು ಪೋಸ್ಟರ್ ಸ್ಟುಡಿಯೋ ಸೇರಿದ. ಮೊದಲು ಬಣ್ಣ ಅರೆದ, ಆಮೇಲೆ ಬಟ್ಟೆಯ ಮೇಲೆ ಇದ್ದಲಿನ ದಾರ ಮೀಟಿ ಚೌಕ ಹೊಡೆದ, ಆಮೇಲೆ ಕೈ, ಕಾಲು, ಕೊನೆಗೆ ಮುಖ. ಟಾಕೀಸಿನ ಮುಂದಿನ ಆಳೆತ್ತರದ ಮುಖಗಳು, ಕುಸ್ತಿಯ ಪೈಲವಾನರ ತೊಡೆಗಳು, ಚುನಾವಣೆಯ ಕೈಮುಗಿದ ಪುಢಾರಿಗಳು, ಎಲ್ಲ ಅವನ ಕುಂಚದಿಂದಲೇ ಬಂದವು. ಆದರೆ ಮೂಲೆಯ ಸಹಿ ಮಾಲಕರದು. ಆ ಕಸುಬಿನ ಪದ್ಧತಿಯೇ ಹಾಗೆ. ಚಿತ್ರ ಬರೆದವರು ಯಾರೇ ಇರಲಿ, ಎಲ್ಲ ಮುಗಿದ ಮೇಲೆ ಮಾಲಕರು ಚಹಾ ಕುಡಿದು, ಒಂದು ಸಣ್ಣ ಕುಂಚ ತೆಗೆದುಕೊಂಡು ಬಂದು, ಬಲಗಡೆಯ ಮೂಲೆಯಲ್ಲಿ ಹೆಸರು ಎಳೆಯುವರು. ಇದು ತಪ್ಪು ಎಂದು ಯಾರೂ ಅಂದುಕೊಂಡಿರಲಿಲ್ಲ, ಶಿದ್ರಾಮನೂ ಅಂದುಕೊಂಡಿರಲಿಲ್ಲ.

ಸಮುದ್ರ ಮಾತ್ರ ಅವನ ಸ್ವಂತದ ಚಟ. ರಜೆಯ ದಿನ ಮನೆಯಲ್ಲಿ ಕೂತು ಸಮುದ್ರ ಬರೆಯುತ್ತಿದ್ದ. ಫೋಟೋ ಸ್ಟುಡಿಯೋಗಳ ಹಿಂದಿನ ಪರದೆಗೆ, ನಾಟಕದ ಕಂಪನಿಗಳಿಗೆ, ಖಾನಾವಳಿಯ ಗೋಡೆಗೆ ಅವನ ಸಮುದ್ರವೇ ಬೇಕು. ಕಡಲು ಘಟ್ಟದ ಆಚೆ, ನಾವು ಈಚೆ. ನಮ್ಮ ಭಾಗದ ಎಷ್ಟೋ ಜನ ಕಂಡ ಸಮುದ್ರ ಅದೊಂದೇ. ನನ್ನ ಮದುವೆಯ ಫೋಟೋದ ಹಿಂದೆಯೂ ಅದೇ ಇದೆ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಖರ್ಚಿನ ಹಿಶೇಬು ಹಾಕಿದ ಮೇಲೆ ಫೋಟೋ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. "ಸಮುದ್ರ ಅಂದ್ರಿ, ಪರದೆ ಮುಂದ ನಿಲ್ಲಿಸಿದ್ರಿ" ಎಂದು ಅವಳು ಈಗಲೂ, ಸೊಸೆಯ ಎದುರಿಗೇ, ಅನ್ನುತ್ತಾಳೆ.

ಶಿದ್ರಾಮ ಬಟ್ಟೆ ಕೊಳ್ಳಲು ಬಂದನೆಂದರೆ ನಾನು ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ ಎದ್ದು ಬರುತ್ತಿದ್ದೆ. ಅವನ ನಡವಳಿಕೆಯೇ ಹಾಗಿತ್ತು. ಬಟ್ಟೆಯ ತಾನನ್ನು, ಅಂದರೆ ಇಡೀ ಸುರುಳಿಯನ್ನು, ಪೂರ್ತಿ ಬಿಚ್ಚಿಸಿ, ಕಣ್ಣು ಮುಚ್ಚಿ, ಬಟ್ಟೆಯ ಮೇಲೆ ಅಂಗೈ ಆಡಿಸುತ್ತಿದ್ದ. ಹುಡುಕುತ್ತಿದ್ದದ್ದು ಗೆರೆಯನ್ನು. ಮಗ್ಗದ ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನೇಯುವಾಗ ಕರೆಂಟು ಹೋದರೆ ಮಗ್ಗ ನಡುವೆಯೇ ನಿಂತುಬಿಡುತ್ತದೆ. ಮತ್ತೆ ಶುರುವಾದಾಗ ಆ ಜಾಗದಲ್ಲಿ ಹೊಕ್ಕಿನ ಎಳೆಗಳು ಒತ್ತಾಗಿ ಕೂತು, ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡ ಗೆರೆಯೊಂದು ಬೀಳುತ್ತದೆ. ತೊಳೆದರೂ ಹೋಗುವುದಿಲ್ಲ. ಅಂಥ ಬಟ್ಟೆ ಎರಡನೇ ದರ್ಜೆಯದು. ನೇಯ್ದವನಿಗೆ ಕೂಲಿಯಲ್ಲಿ ಕಡಿತ, ನಮಗೆ ಬೆಲೆಯಲ್ಲಿ ಕಡಿತ.

ದರ ಇಳಿಸಲು ಇವನು ದೋಷ ಹುಡುಕುತ್ತಿದ್ದಾನೆ ಎಂದು ನಾನು ತಿಳಿದೆ. ಯಾರಾದರೂ ಹಾಗೇ ತಿಳಿಯುತ್ತಾರೆ. ಒಂದು ದಿನ ಪರೀಕ್ಷೆಗೆಂದು, "ತಗೋ ಶಿದ್ರಾಮಣ್ಣಾ, ಇದು ಮೊದಲನೇ ದರ್ಜೇದು, ಒಂದೂ ಗೆರಿ ಇಲ್ಲ, ಅದ ರೇಟಿಗೆ ಕೊಡ್ತೇನಿ" ಎಂದೆ.

"ಬ್ಯಾಡ್ರಿ ಸಾವಕಾರ್ರ. ಗೆರಿ ಇದ್ದದ್ದ ಕೊಡ್ರಿ."

ಒಳ್ಳೆಯದನ್ನು ಕೊಟ್ಟರೆ ಬೇಡ ಎನ್ನುವ ಗಿರಾಕಿಯನ್ನು ಜೀವಮಾನದಲ್ಲಿ ಕಂಡಿರಲಿಲ್ಲ. ನನಗೆ ನಿದ್ದೆ ಹತ್ತಲಿಲ್ಲ. ಮುಂದಿನ ಸಲ ಅವನ ಗಂಟಿನ ನಡುವೆ ಒಂದು ಶುದ್ಧ ತುಂಡನ್ನು ಸುತ್ತಿ ಸೇರಿಸಿಬಿಟ್ಟೆ. ಗುರುತಿಗೆ ಅಂಚಿನಲ್ಲಿ ಒಂದು ಕೆಂಪು ಎಳೆ ಇದ್ದ ತಾನನ್ನೇ ಆರಿಸಿದ್ದೆ. ಅವನು ಅದನ್ನು ಬೇರೆಲ್ಲೋ ಮಾರಿದರೆ ತಿಳಿಯಬೇಕಲ್ಲ! ಅವನು ಮಾರಲಿಲ್ಲ, ತಿರುಗಿ ತಂದುಕೊಡಲಿಲ್ಲ, ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಸ್ಟುಡಿಯೋ ಫ್ಲೆಕ್ಸ್ ಅಂಗಡಿಯಾಯಿತು. ಮಾಲಕರು ತೀರಿಕೊಂಡರು, ಅವರ ಮಗ ಕಂಪ್ಯೂಟರಿನ ಮುಂದೆ ಕೂತ, ಶಿದ್ರಾಮ ಹತ್ತಿರದ ಕೊರೋಚಿಯಲ್ಲಿ ಮಗಳ ಮನೆ ಸೇರಿದ.

ಗಡಹಿಂಗ್ಲಜದ ಸಮುದ್ರವನ್ನು ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ, ಗಿರಾಕಿಯ ಕಣ್ಣು ದರದ ಹಲಗೆಯಿಂದ ಆಚೆ ಹೋಗುವಂತೆ ತೂಗುಹಾಕಿದೆ. ವಾರದೊಳಗೇ ಶಿದ್ರಾಮನ ಮಗಳು ಮಹಾದೇವಿ ಅಸ್ತರಿನ ಬಟ್ಟೆಗೆಂದು ಬಂದವಳು ಅದನ್ನು ನೋಡುತ್ತ ನಿಂತಳು.

"ಕಾಕಾ, ಇದು ನಮ್ಮಪ್ಪಂದು."

ನಾನು ಎಚ್ಚೆತ್ತುಕೊಂಡೆ. ಅಪ್ಪನದು ಎನ್ನುವವರು ಮುಂದಿನ ಮಾತಿಗೆ ನಮಗೆ ಕೊಡಿ ಎನ್ನುತ್ತಾರೆ. "ಹೌದೇನ? ಸಹಿ ಇಲ್ಲಲ್ಲ ಮಗಳ" ಎಂದೆ.

"ಅದ ಗೋಳರಿ ನಮ್ದು" ಎಂದು ಅವಳು ಸ್ಟೂಲಿನ ಮೇಲೆ ಕೂತಳು. ಕೂತದ್ದನ್ನು ನೋಡಿದರೆ ಬೇಗ ಏಳುವ ಲಕ್ಷಣವಿರಲಿಲ್ಲ, ಚಹಾ ತರಿಸಬೇಕಾಯಿತು.

ವಿಷಯ ಇಷ್ಟು. ಮಾಲಕರ ಮಗ ಕೊಲ್ಹಾಪುರದಲ್ಲಿ ಒಂದು ಹಾಲು ಬಾಡಿಗೆಗೆ ಹಿಡಿದು ತಂದೆಯ ಹೆಸರಿನಲ್ಲಿ ಪ್ರದರ್ಶನ ಇಡುತ್ತಿದ್ದ. ಪೋಸ್ಟರುಗಳ ಜೊತೆಗೆ ಸ್ಟುಡಿಯೋದ ಅಟ್ಟದ ಮೇಲೆ ಸಿಕ್ಕ ಐದು ಸಮುದ್ರಗಳನ್ನೂ ಇಡುವವನಿದ್ದ. ಅವು ಶಿದ್ರಾಮ ಮಾರಾಟಕ್ಕೆಂದು ಅಲ್ಲಿ ಬಿಟ್ಟಿದ್ದವು. ಸಹಿ ಇಲ್ಲ, ಆದ್ದರಿಂದ ಎಲ್ಲದರ ಕೆಳಗೆ ಮಾಲಕರದೇ ಹೆಸರು.

"ಪೋಸ್ಟರ್ ಹೋಗ್ಲಿ ಅಂತಾನ ಅಪ್ಪಾ. ಅವು ಮಾಲಕರ ಸಹೀವು, ಅವರ್ವೇ ಅಂತಾನ. ಆದ್ರ ಸಮುದ್ರ ಒಂದರೆ ನನ್ನ ಹೆಸರಲೇ ಗ್ವಾಡಿಗೆ ಏರಲಿ ಅಂತಾನ. ಕಣ್ಣು ದಿನಾ ಮಂದ ಆಗಾಕತ್ತಾವ ಕಾಕಾ. ತಾ ಓದೂಹಂಗ ಇರೂದ್ರಾಗ ಆಗಬೇಕು."

ನನಗೆ ಕನಿಕರವಾಯಿತು. ಅದರ ಜೊತೆಗೇ ಇನ್ನೊಂದು ವಿಚಾರವೂ ಹೊಳೆಯಿತು: ಹೆಸರು ಬಂದ ಪೇಂಟರನ ಚಿತ್ರಕ್ಕೆ ಬೆಲೆಯೂ ಬರುತ್ತದೆ. ಮರುದಿನವೇ ಚಿತ್ರವನ್ನು ರಿಕ್ಷಾದಲ್ಲಿ ಹಾಕಿಕೊಂಡು ಕೊರೋಚಿಗೆ ಹೋದೆ.

ಶಿದ್ರಾಮ ಹೊರಗೆ ಹಗ್ಗದ ಮಂಚದ ಮೇಲೆ ಕೂತಿದ್ದ. ಸುತ್ತಲಿನ ಮನೆಗಳಲ್ಲೆಲ್ಲ ಮಗ್ಗಗಳ ಖಟಖಟ. ಚಿತ್ರವನ್ನು ಅವನ ಮಡಿಲಲ್ಲಿಟ್ಟೆ. ಅವನು ಅದರ ಮುಂಭಾಗ ನೋಡಲೇ ಇಲ್ಲ. ಮಗುಚಿ, ಹಿಂದೆ ಅಂಗೈ ಆಡಿಸಿದ. ಕೈ ಒಂದು ಕಡೆ ನಿಂತಿತು.

"ನಂದ. ನಿಮ್ಮ ಅಂಗಡಿ ಬಟ್ಟಿ."

"ನೋಡದನ ಹೆಂಗ ಹೇಳ್ತಿ?"

"ಬಿಸಲಿಗೆ ಹಿಡೀರಿ."

ಹಿಡಿದೆ. ಬಟ್ಟೆಯ ಗೆರೆ ಬೆಳಕಿನಲ್ಲಿ ಎದ್ದು ಕಂಡಿತು. ಮುಂದೆ ತಿರುಗಿಸಿ ನೋಡಿದರೆ ನೀರು ಮುಗಿದು ಆಕಾಶ ಶುರುವಾಗುವುದು ಸರಿಯಾಗಿ ಆ ಗೆರೆಯ ಮೇಲೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಷ್ಟು ವರ್ಷ ನಾನು ಮಾರಿದ ದೋಷದ ಮೇಲೆ ಇವನು ಸಮುದ್ರ ನಿಲ್ಲಿಸಿದ್ದ.

"ಇದಕ್ಕನ ಗೆರಿ ಹುಡುಕತಿದ್ದೇನ? ಪಟ್ಟಿ ಹಿಡದ ಹೊಡದ್ರ ಗೆರಿ ಬರೂದಿಲ್ಲೇನ?"

"ಬರತೈತ್ರಿ. ಅದು ಪಟ್ಟೀದ ಗೆರಿ ಆಗತೈತಿ." ಮಗ್ಗದ ಸದ್ದಿನ ಕಡೆ ಕೈ ತೋರಿಸಿ ಹೇಳಿದ: "ನಾ ಸಣ್ಣಾಂವಿದ್ದಾಗ ಅಪ್ಪಗ ಊಟಾ ಒಯ್ತಿದ್ನಿ. ಖಟಖಟಾದಾಗ ಅಂವಾ ಅಂದದ್ದ ನನಗ ಕೇಳ್ತಿರಲಿಲ್ಲ, ನಾ ಅಂದದ್ದ ಅಂವಗ ಕೇಳ್ತಿರಲಿಲ್ಲ. ಲೈಟ್ ಹ್ವಾದ್ರ ಎಲ್ಲಾ ಮಗ್ಗ ಒಮ್ಮೆಲೇ ಗಪ್ಪ. ಆವಾಗ ಅಪ್ಪಾ ಕೆಳಗ ಕುಂದ್ರತಿದ್ದ, ಬೀಡಿ ಹಚ್ಚಿ ನನ್ನ ಕೂಡ ಮಾತಾಡ್ತಿದ್ದ. ಬಟ್ಟಿ ಮ್ಯಾಲ ಗೆರಿ ಬಿದ್ದಿತಂದ್ರ ಅಲ್ಲಿ ಯಾರೋ ಒಬ್ಬ ಜರಾ ಕುಂತಾನ ಅಂತ ಅರ್ಥ. ನೀವು ಅದಕ್ಕ ರೊಕ್ಕಾ ಕಡೀತಿದ್ರಿ."

"ದಂಧೇದ ರಿವಾಜು ಅದು, ನಾ ಮಾಡಿದ್ದಲ್ಲ" ಎಂದೆ.

"ನಾ ಎಲ್ಲಿ ನೀವು ಮಾಡಿದ್ರಿ ಅಂದೆ?"

ಮಾತು ಬದಲಿಸಲು ಊರಿನ ಹಳೆಯ ಸಂಶಯವನ್ನು ಕೇಳಿಬಿಟ್ಟೆ: "ಖರೇ ಹೇಳು, ಸಮುದ್ರ ನೋಡೀಯೇನ? ಇಲ್ಲಾಂತಾರ ಮಂದಿ."

"ನೋಡೇನ್ರಿ. ರತ್ನಾಗಿರಿ ಟಾಕೀಸಿಗೆ ಪೋಸ್ಟರ್ ಒಯ್ದಿದ್ನಿ, ಟ್ರಕ್ಕಿನಾಗ ಕುಂತು. ಭಾಳ ಗದ್ದಲಾ ಮಾಡತೈತಿ. ನಮ್ಮ ಓಣಿ ಹಂಗ. ಆದ್ರ ದೂರ ನೋಡ್ರಿ, ಅಲ್ಲಿ ಒಂದು ಗೆರಿ ಐತಿ. ಅಲ್ಲಿ ಎಲ್ಲಾ ಗಪ್ಪ."

ಇದು ಖರೆಯೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ಟ್ರಕ್ಕಿನ ನಂಬರು ಕೇಳುವ ಮನಸ್ಸಾಗಿತ್ತು, ಕೇಳಲಿಲ್ಲ.

ಪ್ರದರ್ಶನದ ಹಿಂದಿನ ದಿನ ನಾವು ಮೂವರು ಕೊಲ್ಹಾಪುರಕ್ಕೆ ಹೋದೆವು. ಗಾಡಿ ಬಾಡಿಗೆ ನನ್ನದೇ. ಅದನ್ನು ಇಲ್ಲಿ ಹೇಳಿಡುತ್ತೇನೆ, ಬೇರೆ ಯಾರೂ ಹೇಳುವುದಿಲ್ಲ. ಹಾಲಿನಲ್ಲಿ ಮಾಲಕರ ಮಗ ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ. ನಲವತ್ತರ ಆಸುಪಾಸಿನವನು, ತಂದೆಯ ಹಾಗೇ ಮೀಸೆ. ಐದು ಸಮುದ್ರಗಳೂ ಗೋಡೆಗೆ ಒರಗಿದ್ದವು. ಅವನು ಮರಾಠಿಯಲ್ಲೇ ಮಾತಾಡಿದ, ನಾನು ನಮ್ಮ ಭಾಷೆಯಲ್ಲಿ ಬರೆಯುತ್ತೇನೆ.

"ಶಿದ್ರಾಮಕಾಕಾ, ಬರ್ರಿ ಬರ್ರಿ. ಇವ್ರು ಯಾರು?"

"ಬಟ್ಟಿ ವ್ಯಾಪಾರಿ" ಎಂದೆ. "ಈ ಸಮುದ್ರ ನಿಮ್ಮ ತಂದಿಯವರವಲ್ಲ, ಇವನವು."

ಅವನು ಏಣಿ ಇಳಿದು ಬಂದ. "ಹೀಂಗ ಹೇಳಾಕ ಎಷ್ಟ ತಗೊಂಡ್ರಿ?"

ಮನುಷ್ಯ ನನಗೆ ಹಿಡಿಸಿದ. ಅವನ ಜಾಗದಲ್ಲಿ ನಾನಿದ್ದರೆ ಇದನ್ನೇ ಕೇಳುತ್ತಿದ್ದೆ. "ಗಾಡಿ ಬಾಡಿಗಿ ನಾನ ಕೊಟ್ಟೇನಿ" ಎಂದೆ. "ನಿಮ್ಮ ತಂದಿಯವರು ಎರಡನೇ ದರ್ಜೇದ ಬಟ್ಟಿ ಸ್ಟುಡಿಯೋದಾಗ ಕಾಲಿಡಾಕ ಬಿಡ್ತಿದ್ದಿಲ್ಲ. ನಾ ಮಾರಾಕ ಹ್ವಾದಾಗ ಬಾಗಲದಿಂದನ ಹೊಳ್ಳಿ ಕಳಿಸಿದ್ರು. ಈಗ ಇವನ್ನ ಕಿಡಕಿಗೆ ಹಿಡೀರಿ."

ಮೊದಲನೆಯದನ್ನು ಹಿಡಿದ. ಗೆರೆ, ಗೆರೆಯ ಮೇಲೆ ನೀರಿನ ಕೊನೆ. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲ ಹಾಗೆಯೇ. ಅವನ ಮುಖ ಸಣ್ಣದಾಗುತ್ತ ಬಂತು. ಐದನೆಯದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚೆಂದದ್ದು. ಮೋಡ ಹರಿದು ಬೆಳಕು ನೀರಿನ ಮೇಲೆ ಸುರಿಯುವ ಚಿತ್ರ. ಕಿಟಕಿಗೆ ಹಿಡಿದ. ಬಟ್ಟೆ ಶುದ್ಧ. ಒಂದೂ ಗೆರೆ ಇಲ್ಲ.

"ಅಪ್ಪಾ, ಇದೂ ನಿಂದ ಹೌದಲ್ಲಾ?" ಎಂದು ಮಹಾದೇವಿ ಸಣ್ಣ ದನಿಯಲ್ಲಿ ಕೇಳಿದಳು.

ಶಿದ್ರಾಮ ಹತ್ತಿರ ಹೋದ. ಹಿಂದೆ ಅಂಗೈ ಆಡಿಸಿದ. ಕೈ ನಡುವೆ ಎಲ್ಲೂ ನಿಲ್ಲದೆ ಅಂಚಿನವರೆಗೆ ಹೋಗಿ, ಅಲ್ಲಿ ನಿಂತಿತು.

"ಇದು ನಂದಲ್ಲ. ಮಾಲಕರದು."

"ನಮ್ಮ ಬಾಬಾನ? ಸ್ವತಃ?" ಎಂದ ಮಗ.

"ಹೌದ್ರಿ. ಮಳಿಗಾಲ ಇತ್ತು, ಕೆಲಸಾ ಇರಲಿಲ್ಲ. ಒಬ್ರ ಕುಂತ ತಗದ್ರು. ನಾ ಬಣ್ಣಾ ಕಲಸಿ ಕೊಟ್ಟೇನಿ, ಅಷ್ಟ."

ಮಗ ಚಿತ್ರವನ್ನು ಎರಡೂ ಕೈಯಿಂದ ಹಿಡಿದು ನೋಡುತ್ತ ನಿಂತ. "ಮಂದಿ ಅಂತಾರ, ನಿಮ್ಮ ಬಾಬಾ ಬರೇ ಸಹಿ ಮಾಡಾಂವ, ಕುಂಚ ಹಿಡದ ಗೊತ್ತಿರಲಿಲ್ಲ ಅಂತ. ನನಗೂ ಅವರು ಬರದದ್ದ ನೋಡಿದ ನೆನಪಿಲ್ಲ. ಈ ಪ್ರದರ್ಶನ ಯಾಕ ಇಟ್ಟೇನಿ ಅಂದ್ರಿ?" ಎಂದ. ಮೂಗು ಸೀಟಿಕೊಂಡು ಏಣಿಯ ಹತ್ತಿರ ಹೋಗಿ, ನಾಲ್ಕು ಸಮುದ್ರಗಳ ಕೆಳಗೆ ಅಂಟಿಸಲೆಂದು ಇಟ್ಟಿದ್ದ ಚೀಟಿಗಳನ್ನು ಹರಿದು ಹಾಕಿ, "ಹೆಸರು ಹೆಂಗ ಬರೀಲಿ ಕಾಕಾ?" ಎಂದ.

ಮರುದಿನ ಶಿದ್ರಾಮ ಹೊಸ ಚೀಟಿಗಳಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನಾಲ್ಕನ್ನೂ ಓದಿದ. ನಾಲ್ಕರಲ್ಲೂ ಇದ್ದದ್ದು ಒಂದೇ ಹೆಸರು, ಆದರೂ ಒಂದೊಂದನ್ನೂ ಪೂರ್ತಿ ಓದಿದ. ಮಹಾದೇವಿ ಆಚೆ ಕಡೆ ಮುಖ ತಿರುಗಿಸಿ ನಿಂತಿದ್ದಳು.

ನನ್ನ ಚಿತ್ರಕ್ಕೂ ಸಹಿ ಹಾಕಿಸಿಕೊಂಡೆ. ಜೀವಮಾನವೆಲ್ಲ ಮರಾಠಿ ಅಕ್ಷರ ಬರೆದ ಕೈ, ಸಹಿಯನ್ನು ಮಾತ್ರ ಕನ್ನಡದಲ್ಲಿ ಹಾಕಿತು. "ಕೊಲ್ಹಾಪುರದಾಗ ಇದನ್ನ ಯಾರು ಓದಬೇಕೋ? ರೇಟ್ ಬರೂದು ಹೆಂಗ?" ಎಂದೆ. "ನೀವು ಓದ್ತೀರಲ್ರಿ" ಎಂದ. ಮಾರುವ ವಿಚಾರವನ್ನು ಸದ್ಯಕ್ಕೆ ಮುಂದೆ ಹಾಕಿದ್ದೇನೆ.

ಇಲ್ಲಿಯವರೆಗೆ ಯಾರಿಗೂ ಹೇಳದ ಮಾತೊಂದು ಉಳಿದಿದೆ. ಐದನೆಯ ಚಿತ್ರವನ್ನು ಕಿಟಕಿಗೆ ಹಿಡಿದಾಗ ನಾನು ಬದಿಯಲ್ಲಿ ನಿಂತಿದ್ದೆ. ಮೊಳೆ ಹೊಡೆದು ಮಡಚಿದ ಅಂಚಿನಲ್ಲಿ ಒಂದು ಕೆಂಪು ಎಳೆ ಇತ್ತು. ಶಿದ್ರಾಮನ ಬೆರಳು ನಿಂತದ್ದು ಅದರ ಪಕ್ಕದಲ್ಲೇ. ತಿರುಗಿ ಬರುವಾಗ ಗಾಡಿಯಲ್ಲಿ, ಮಗಳಿಗೆ ಜೋಂಪು ಹತ್ತಿದ ಮೇಲೆ, ಮೆಲ್ಲಗೆ ಕೇಳಿದೆ: "ಐದನೇದು ಖರೇ ಮಾಲಕರದೇನ?"

"ಗೆರಿ ಇರಲಿಲ್ಲಲ್ರಿ ಸಾವಕಾರ್ರ" ಎಂದು ಅವನು ಕಿಟಕಿಯ ಆಚೆ ನೋಡಿದ. ಅವನ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆ ತುಂಡನ್ನು ಅವನು ಮಾಲಕರಿಗೇ ಕೊಟ್ಟಿದ್ದನೋ, ತಾನೇ ಬರೆದಿದ್ದನೋ? ಒಂದನ್ನು ಬಿಟ್ಟು ನಾಲ್ಕನ್ನು ಗಳಿಸಿದ್ದು ವ್ಯಾಪಾರವೋ, ಇನ್ನೇನೋ? ಐವತ್ತು ವರ್ಷ ಚೌಕಾಶಿ ಮಾಡಿದ ನನಗೂ ಅದರ ತಳ ಸಿಕ್ಕಿಲ್ಲ.

ಆದ್ದರಿಂದ ನಿಮಗೆ ಹೇಳುವುದು ಇಷ್ಟೇ. ಹಳೆಯ ಚಿತ್ರ ಕೊಳ್ಳುವಾಗ ಮೊದಲು ಪಕ್ಕದ ಕುರ್ಚಿಯ ಬೆಲೆ ಕೇಳಿ. ಚೌಕಟ್ಟನ್ನು ಉಗುರಿನಿಂದ ಕೆರೆಯಿರಿ. ಮುಂಭಾಗಕ್ಕೆ ಮರುಳಾಗಬೇಡಿ, ಮಗುಚಿ ಹಿಂದೆ ಕೈ ಆಡಿಸಿ, ಬೆಳಕಿಗೆ ಹಿಡಿಯಿರಿ. ಬರೆದವನು ಬದುಕಿದ್ದರೆ ಅವನ ಮನೆಗೇ ಹೋಗಿ, ಸಹಿ ಯಾವ ಭಾಷೆಯಲ್ಲಿ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಯಾರನ್ನೂ ನಂಬಬೇಡಿ, ನನ್ನನ್ನೂ ಸೇರಿಸಿ. ಆದರೆ ಎಲ್ಲಾದರೂ ಒಬ್ಬ ಮಗ ತಂದೆಯ ಚಿತ್ರದ ಮುಂದೆ ಸುಮ್ಮನೆ ನಿಂತಿದ್ದು, ಅದರ ಅಂಚಿನಲ್ಲಿ ಒಂದು ಕೆಂಪು ಎಳೆ ಕಂಡರೆ, ನೀವೂ ಸುಮ್ಮನೆ ನಿಲ್ಲಿ. ಆ ಬಟ್ಟೆ ನನ್ನ ಅಂಗಡಿಯದು. ನಾನೇ ಏನೂ ಕೇಳುತ್ತಿಲ್ಲ.